ಬಯಲುಸೀಮೆಯ ಅಂಗಳಕ್ಕೆ ಹುಲ್ಲುಹಾಸಿನ ಹೊರೆ ಬೇಡ

ಸಂಪಾದಕರಿಗೆ,

ಮಾನ್ಯರೇ,

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿರುವ ಈ ದಿನಗಳಲ್ಲಿ ಚಿತ್ರದುರ್ಗ ನಗರದ ಹೊಸ ಬಡಾವಣೆಗಳ ಮನೆ, ಕಚೇರಿ, ಕಲ್ಯಾಣ ಮಂಟಪಗಳ ಮುಂದೆ ಸುರುಳಿ ಸುತ್ತಿ ತಂದ ಹುಲ್ಲನ್ನು ಹಾಸುವ ಕೆಲಸ ಭರದಿಂದ ನಡೆದಿದೆ. ನರ್ಸರಿಗಳಲ್ಲಿ ಮೆಕ್ಸಿಕನ್ ಹುಲ್ಲು, ಕೊರಿಯನ್ ಹುಲ್ಲು ಎಂಬ ಹೆಸರಿನಲ್ಲಿ ಚದರ ಅಡಿ ಲೆಕ್ಕದಲ್ಲಿ ಮಾರುವ ಈ ಲಾನ್‌ಗೆ ದುಡ್ಡು ಕೊಟ್ಟವರ ಆಸೆ ತಪ್ಪೆಂದು ನಾನು ಹೇಳುವುದಿಲ್ಲ. ಮನೆಯ ಮುಂದೆ ಹಸಿರು ಇರಬೇಕೆಂಬ ಬಯಕೆ ಒಳ್ಳೆಯದೇ. ಆದರೆ ಆ ಹಸಿರು ಎಲ್ಲಿಯ ನೀರನ್ನು ಕುಡಿದು, ಯಾವ ಗೊಬ್ಬರ ಮತ್ತು ಯಾವ ಔಷಧಿಯ ಬಲದಿಂದ ಬದುಕುತ್ತದೆ ಎಂಬುದನ್ನು ಹಾಸುವ ಮುನ್ನ ಯಾರೂ ವಿಚಾರಿಸುತ್ತಿಲ್ಲ, ಮಾರುವವರೂ ಹೇಳುತ್ತಿಲ್ಲ. ಕೈತೋಟವೆಂಬುದು ನಮ್ಮ ಊರಿನ ಮಳೆಗೆ, ಮಣ್ಣಿಗೆ ತಕ್ಕಂತಿರಬೇಕು ಎಂಬ ಒಂದು ಮಾತನ್ನು ತಮ್ಮ ಪತ್ರಿಕೆಯ ಮೂಲಕ ನಗರದ ನಿವಾಸಿಗಳ ಮತ್ತು ನಗರಸಭೆಯ ಗಮನಕ್ಕೆ ತರಬಯಸುತ್ತೇನೆ.

ನಮ್ಮದು ಮಳೆ ಕಡಿಮೆ ಬೀಳುವ ಜಿಲ್ಲೆ. ವರ್ಷದ ವಾಡಿಕೆ ಮಳೆ 600 ಮಿಲಿಮೀಟರ್ ಆಸುಪಾಸಿನಲ್ಲಿದ್ದು, ಹಿರಿಯೂರು, ಚಳ್ಳಕೆರೆ ಸೀಮೆಯಲ್ಲಿ ಅದಕ್ಕಿಂತಲೂ ಕಡಿಮೆ. ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ ಇನ್ನೊಮ್ಮೆ ಕೋಡಿ ಬೀಳುವುದನ್ನು ನೋಡಲು ಜನ 2022ರವರೆಗೆ ಕಾಯಬೇಕಾಯಿತು. ಅಂದರೆ 89 ವರ್ಷ. ನಗರದ ನಲ್ಲಿಗಳಿಗೆ ನೀರು ಬರುವುದು ಮಾರಿಕಣಿವೆ ಎಂದೂ ಕರೆಯುವ ಆ ಜಲಾಶಯದಿಂದ ಮತ್ತು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಿಂದ. ಎರಡೂ ಕಡೆಯಿಂದ ಹತ್ತಾರು ಕಿಲೋಮೀಟರ್ ದೂರ ಕೊಳವೆಯಲ್ಲಿ ಹರಿಸಿ, ವಿದ್ಯುತ್ ಖರ್ಚು ಮಾಡಿ ಮೇಲೆತ್ತಿ, ಶುದ್ಧೀಕರಿಸಿ ಮನೆಗೆ ತಲುಪಿಸಿದ ನೀರು ಅದು. ಭದ್ರಾ ಮೇಲ್ದಂಡೆ ಯೋಜನೆಗಾಗಿ ಈ ಜಿಲ್ಲೆಯ ರೈತರು ಎಷ್ಟು ವರ್ಷ ಬೀದಿಯಲ್ಲಿ ಕುಳಿತರೆಂಬುದು ತಮ್ಮ ಓದುಗರಿಗೆ ಗೊತ್ತಿರುವ ಸಂಗತಿ. 2023-24ರ ಕೇಂದ್ರ ಬಜೆಟ್‌ನಲ್ಲಿ ಆ ಯೋಜನೆಗೆ 5,300 ಕೋಟಿ ರೂಪಾಯಿ ಘೋಷಣೆಯಾದಾಗ ಇಲ್ಲಿ ಪಟಾಕಿ ಹೊಡೆದವರು ಎಷ್ಟೋ ಮಂದಿ; ಆ ಹಣಕ್ಕಾಗಿ ಮತ್ತೆ ಒತ್ತಾಯ, ಧರಣಿಗಳೂ ನಡೆದವು. ಬೊಗಸೆ ನೀರಿಗಾಗಿ ಇಷ್ಟು ಹೋರಾಡಿದ ಜಿಲ್ಲೆಯ ಕೇಂದ್ರದಲ್ಲಿ ಕುಡಿಯುವ ನೀರನ್ನು ಪೈಪು ಹಿಡಿದು ಹುಲ್ಲಿಗೆ ಬಿಡುವುದು ನನಗೆ ನೋವು ತರುತ್ತದೆ.

ಲೆಕ್ಕ ಹಾಕಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಒಂದು ಚದರ ಮೀಟರ್ ನೆಲಕ್ಕೆ ಒಂದು ಮಿಲಿಮೀಟರ್ ನೀರು ಎಂದರೆ ಸರಿಯಾಗಿ ಒಂದು ಲೀಟರ್. 20 ಅಡಿಗೆ 30 ಅಡಿ ಅಳತೆಯ ಹುಲ್ಲುಹಾಸು ಸುಮಾರು 56 ಚದರ ಮೀಟರ್ ಆಗುತ್ತದೆ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಬಿಸಿಲಿಗೂ ಬೀಸುಗಾಳಿಗೂ ಒಣಗದಂತೆ ಅದನ್ನು ಕಾಪಾಡಲು ದಿನಕ್ಕೆ ಐದು ಮಿಲಿಮೀಟರ್ ಸಾಕೆಂದು ಕೈಬಿಗಿದು ಲೆಕ್ಕ ಹಿಡಿದರೂ ದಿನಕ್ಕೆ 280 ಲೀಟರ್, ಮೂರು ತಿಂಗಳಿಗೆ 25 ಸಾವಿರ ಲೀಟರ್ ಬೇಕು. ಐದು ಸಾವಿರ ಲೀಟರಿನ ಟ್ಯಾಂಕರ್ ಐದು ಸಲ ಬಂದು ಹೋದಂತೆ. ನಗರಗಳಲ್ಲಿ ಒಬ್ಬ ವ್ಯಕ್ತಿಗೆ ದಿನಕ್ಕೆ 135 ಲೀಟರ್ ನೀರು ಒದಗಿಸಬೇಕೆಂಬುದು ನಮ್ಮ ದೇಶದ ನೀರು ಸರಬರಾಜಿನ ಮಾನದಂಡ. ಹಾಗಾದರೆ ಈ ಪುಟ್ಟ ಹುಲ್ಲುಹಾಸು ಪ್ರತಿದಿನ ಇಬ್ಬರ ಪಾಲಿನ ನೀರನ್ನು ಕುಡಿಯುತ್ತದೆ. ನಮ್ಮ ಕೊಳವೆ ಬಾವಿಯ ನೀರು ಬಿಡುತ್ತೇವೆ, ನಲ್ಲಿಯದಲ್ಲ ಎಂದು ಹೇಳುವವರಿದ್ದಾರೆ. ಆ ಮಾತು ಒಪ್ಪುವಂಥದ್ದಲ್ಲ. ನೆಲದಡಿಯ ನೀರಿಗೆ ಕಾಂಪೌಂಡ್ ಗೋಡೆ ಇಲ್ಲ, ಒಬ್ಬರು ಎತ್ತಿದ್ದು ಪಕ್ಕದವರಿಗೆ ಕಡಿಮೆಯಾಗುತ್ತದೆ. ಜಿಲ್ಲೆಯ ಹಲವು ಹಳ್ಳಿಗಳಲ್ಲಿ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿ ಜನ ಹಲ್ಲು, ಮೂಳೆಗಳ ತೊಂದರೆ ಅನುಭವಿಸುತ್ತಿರುವಾಗ ಅಂತರ್ಜಲವನ್ನು ಅಲಂಕಾರಕ್ಕೆಂದು ಎತ್ತುವುದು ನ್ಯಾಯವೂ ಅಲ್ಲ.

ಹಾಗೆಂದು ಅಂಗಳಕ್ಕೆಲ್ಲ ಸಿಮೆಂಟ್ ಬಳಿಯಿರಿ ಎಂದು ನಾನು ಹೇಳುತ್ತಿಲ್ಲ. ಲಾನ್ ಹಾಕದವರು ಬಹುಪಾಲು ಮಾಡುತ್ತಿರುವುದು ಅದನ್ನೇ. 30-40 ನಿವೇಶನದಲ್ಲಿ ಮನೆ ಕಟ್ಟಿ ಉಳಿದ ನಾಲ್ಕು ಅಡಿಗೂ ಟೈಲ್ಸ್ ಹಾಕಿ, ಮಳೆ ನೀರು ಒಂದು ಹನಿಯೂ ಇಂಗದೆ ಚರಂಡಿ ಸೇರುವಂತೆ ಮಾಡುತ್ತಾರೆ. ಇದು ಹುಲ್ಲುಹಾಸಿಗಿಂತ ಕೆಟ್ಟದ್ದು. ನಾವು ಬೆಳೆಸಬೇಕಾದದ್ದು ಈ ನೆಲ ತಾನಾಗಿ ಸಾಕಬಲ್ಲ ಗಿಡಗಳನ್ನು. ನುಗ್ಗೆ, ಕರಿಬೇವು, ಸೀತಾಫಲ, ನೆಲ್ಲಿ, ದಾಳಿಂಬೆ, ಪೇರಲ ಇವೆಲ್ಲ ಒಮ್ಮೆ ಬೇರು ಹಿಡಿದರೆ ಕಡಿಮೆ ನೀರಿನಲ್ಲಿ ನಿಲ್ಲುವಂಥವು, ಮನೆಗೆ ಉಣ್ಣಲೂ ಕೊಡುವಂಥವು. ಪೂಜೆಯ ಹೂವಿಗೆ ದಾಸವಾಳ, ನಂದಿಬಟ್ಟಲು, ಪಾರಿಜಾತ, ಸ್ಫಟಿಕ, ಕಾಕಡ ಸಾಲದೆ? ಮಕ್ಕಳು ಆಡಲು ಹುಲ್ಲು ಬೇಕೇ ಬೇಕೆಂದರೆ ನಮ್ಮದೇ ಗರಿಕೆಯಿದೆ. ಗಣಪತಿಗೆ ಏರಿಸುವ ಈ ಹುಲ್ಲು ಬೇಸಿಗೆಯಲ್ಲಿ ಒಣಗಿ ಕಂದಾದರೂ ಬೇರು ಸಾಯುವುದಿಲ್ಲ, ಮೊದಲ ಮಳೆಗೆ ತಾನಾಗಿ ಚಿಗುರುತ್ತದೆ. ಎರಡು ತಿಂಗಳು ಅಂಗಳ ಕಂದು ಬಣ್ಣಕ್ಕೆ ತಿರುಗಿದರೆ ನಷ್ಟವೇನಿಲ್ಲ; ಊರ ಸುತ್ತಲಿನ ಬೆಟ್ಟ, ಜೋಗಿಮಟ್ಟಿಯ ಕಾಡು ಸಹ ಆ ಹೊತ್ತಿಗೆ ಹಾಗೆಯೇ ಇರುತ್ತವೆ. ಚಳ್ಳಕೆರೆ ಕಡೆಯ ಅಮೃತ ಮಹಲ್ ಕಾವಲುಗಳಲ್ಲಿ ಯಾರೂ ನೀರು ಬಿಡದೆ ಬೆಳೆದ ಹುಲ್ಲನ್ನು ಮೇದು ಎಷ್ಟೋ ತಲೆಮಾರಿನ ದನಗಳು ಬದುಕಿದವೆಂಬುದನ್ನು ಮರೆಯಬಾರದು.

ಈಗಾಗಲೇ ಲಾನ್ ಹಾಕಿಸಿದವರು ಅದನ್ನು ಕಿತ್ತೆಸೆಯಬೇಕಿಲ್ಲ. ಯಾರೂ ನಡೆಯದ, ಮಕ್ಕಳು ಆಡದ ಅಂಚುಗಳಲ್ಲಿ ಗಿಡ ನೆಟ್ಟು ಹಾಸನ್ನು ವರ್ಷದಿಂದ ವರ್ಷಕ್ಕೆ ಕಿರಿದು ಮಾಡುತ್ತ ಬರಬಹುದು. ಹುಲ್ಲನ್ನು ಬುಡಕ್ಕೆ ಬೋಳಿಸದೆ ಎರಡು ಅಂಗುಲದಷ್ಟಾದರೂ ಬಿಟ್ಟರೆ ನೆಲಕ್ಕೆ ನೆರಳಾಗುತ್ತದೆ, ಬೇರು ಆಳಕ್ಕಿಳಿಯುತ್ತದೆ. ಕತ್ತರಿಸಿದ ತುಣುಕುಗಳನ್ನು ಗುಡಿಸಿ ಹೊರಗೆ ಸುರಿಯದೆ ಅಲ್ಲೇ ಉದುರಲು ಬಿಟ್ಟರೆ ಅವು ಕೊಳೆತು ಹುಲ್ಲಿಗೇ ಗೊಬ್ಬರವಾಗುತ್ತವೆ. ದಿನವೂ ಸಂಜೆ ಮೇಲೆ ಮೇಲೆ ಚಿಮುಕಿಸುವ ಬದಲು ಮೂರು ನಾಲ್ಕು ದಿನಕ್ಕೊಮ್ಮೆ ಬೆಳಗಿನ ಜಾವ ಚೆನ್ನಾಗಿ ನೆನೆಯುವಂತೆ ಹಾಯಿಸಬೇಕು. ಇಷ್ಟು ಸಣ್ಣ ಅಂಗಳಕ್ಕೆ ಪೆಟ್ರೋಲ್ ಯಂತ್ರ ತಂದು ಬೀದಿಗೆಲ್ಲ ಹೊಗೆ, ಸದ್ದು ಮಾಡುವ ಅಗತ್ಯವೂ ಇಲ್ಲ; ಕುಡುಗೋಲು ಅಥವಾ ಕೈಯಿಂದ ತಳ್ಳುವ ಯಂತ್ರ ಸಾಕು.

ಇನ್ನು ಗೊಬ್ಬರದ ವಿಚಾರ. ಹುಲ್ಲು ಸ್ವಲ್ಪ ಹಳದಿಯಾದರೆ ಸಾಕು, ಮನೆಗಳಲ್ಲಿ ಮುಷ್ಟಿಗಟ್ಟಲೆ ಯೂರಿಯಾ ಎರಚಿ ನೀರು ಬಿಡುವ ರೂಢಿಯಾಗಿದೆ. ಯೂರಿಯಾದಲ್ಲಿ ಶೇ 46ರಷ್ಟು ಸಾರಜನಕವಿದೆ. ಗಿಡ ಹೀರಿಕೊಳ್ಳುವಷ್ಟನ್ನು ಬಿಟ್ಟು ಉಳಿದದ್ದರಲ್ಲಿ ಒಂದು ಪಾಲು ಗಾಳಿಗೆ ಹೋಗುತ್ತದೆ, ಇನ್ನೊಂದು ಪಾಲು ನೈಟ್ರೇಟ್ ಆಗಿ ನೀರಿನೊಂದಿಗೆ ಕೆಳಗಿಳಿದು ಅಂತರ್ಜಲ ಸೇರುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಅದು ಹೆಚ್ಚಾದರೆ ಹಸುಗೂಸುಗಳ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಂದುತ್ತದೆ. ಮಳೆಯಲ್ಲಿ ಕೊಚ್ಚಿಹೋದ ಗೊಬ್ಬರ ಚರಂಡಿ ಹಿಡಿದು ಕೆರೆ, ಹೊಂಡ ಸೇರಿದರೆ ಅಲ್ಲಿ ಪಾಚಿಯೂ ಜಲಕಳೆಯೂ ಹಬ್ಬುತ್ತವೆ. ರೈತನಿಗಾಗಿ ಸರ್ಕಾರ ಸಬ್ಸಿಡಿ ಕೊಟ್ಟು, ಬಿತ್ತನೆ ಸಮಯದಲ್ಲಿ ಸಾಲಿನಲ್ಲಿ ನಿಂತರೂ ಸಿಗದ ಗೊಬ್ಬರವನ್ನು ಅಲಂಕಾರದ ಹುಲ್ಲಿಗೆ ಎರಚಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಕೈತೋಟಕ್ಕೆ ಬೇಕಾದ ಸತ್ವವೆಲ್ಲ ಮನೆಯಲ್ಲಿ, ಬೀದಿಯಲ್ಲಿ, ನಮ್ಮ ಜಿಲ್ಲೆಯ ಗಿರಣಿಗಳಲ್ಲೇ ಇದೆ. ಬೇವು, ಹೊಂಗೆ ಮರಗಳು ಬೇಸಿಗೆಯ ಮೊದಲಿಗೆ ಎಲೆ ಉದುರಿಸಿ ಯುಗಾದಿಯ ಹೊತ್ತಿಗೆ ಚಿಗುರುತ್ತವೆ. ಅಂದರೆ ನೆಲಕ್ಕೆ ಹೊದಿಕೆ ಅತ್ಯಂತ ಅಗತ್ಯವಾದ ಕಾಲಕ್ಕೇ ಮರ ಹೊದಿಕೆಯನ್ನು ಉದುರಿಸುತ್ತದೆ. ನಾವು ಅದನ್ನು ಬೆಳಿಗ್ಗೆ ಗುಡಿಸಿ, ರಸ್ತೆ ಬದಿಯಲ್ಲಿ ರಾಶಿ ಹಾಕಿ ಬೆಂಕಿ ಕೊಡುತ್ತೇವೆ. ನಗರದ ಯಾವ ಬೀದಿಗೆ ಹೋದರೂ ಈ ತಿಂಗಳುಗಳಲ್ಲಿ ಆ ಹೊಗೆ ಕಾಣುತ್ತದೆ. ಉಬ್ಬಸದ ರೋಗಿಗಳು, ಚಿಕ್ಕ ಮಕ್ಕಳು ಅದನ್ನೇ ಉಸಿರಾಡುತ್ತಾರೆ. ಘನತ್ಯಾಜ್ಯ ನಿರ್ವಹಣೆ ನಿಯಮಗಳು ಕಸವನ್ನು ಬೀದಿಯಲ್ಲಿ ಸುಡುವುದನ್ನು ನಿಷೇಧಿಸಿ, ತೋಟದ ಕಸವನ್ನು ಪ್ರತ್ಯೇಕವಾಗಿ ತಮ್ಮ ಆವರಣದಲ್ಲೇ ಕೂಡಿಡಬೇಕೆಂದು ಹೇಳಿವೆ. ನಿಯಮದ ಮಾತು ಹಾಗಿರಲಿ, ಎಲೆ ಸುಟ್ಟರೆ ಅದರ ಸಾರಜನಕವೂ ಸಾವಯವ ಅಂಶವೂ ಹೊಗೆಯಾಗಿ ಹೋಗಿ ಹಿಡಿ ಬೂದಿಯಷ್ಟೇ ಉಳಿಯುತ್ತದೆ. ಅದೇ ಎಲೆಯನ್ನು ಗಿಡದ ಬುಡಕ್ಕೆ ಮೂರು ಅಂಗುಲ ದಪ್ಪ ಹರಡಿದರೆ ಮಣ್ಣಿನ ತೇವ ಆರುವುದು ಬಹಳ ಕಡಿಮೆಯಾಗುತ್ತದೆ, ಮಳೆಗಾಲದಲ್ಲಿ ಕೊಳೆತು ಗೊಬ್ಬರವೂ ಆಗುತ್ತದೆ. ಕಾಂಡಕ್ಕೆ ತಾಗಿಸದೆ ನಾಲ್ಕು ಬೆರಳು ಬಿಟ್ಟು ಹರಡಿದರೆ ಕೊಳೆ ರೋಗದ ಭಯವಿಲ್ಲ. ಎಲೆ ಸಾಲದಿದ್ದರೆ ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆ ಹತ್ತಿರದಲ್ಲೇ ಇದೆ. ಶೇಂಗಾ ಸಿಪ್ಪೆಯೂ ತೆಂಗಿನ ನಾರೂ ಈ ಕೆಲಸಕ್ಕೆ ಬಲು ಉತ್ತಮ. ಬೇವಿನ ಹಿಂಡಿ, ಹೊಂಗೆ ಹಿಂಡಿ, ಶೇಂಗಾ ಹಿಂಡಿ ಸುಲಭವಾಗಿ ಸಿಗುತ್ತವೆ. ಕೆರೆ ಗೋಡು ಮತ್ತು ಕೊಟ್ಟಿಗೆ ಗೊಬ್ಬರ ಬೆರೆಸಿದ ಮಣ್ಣಿನಲ್ಲಿ ಬಾರದ ಗಿಡ ಈ ಊರಿಗೆ ಬೇಕಾಗಿಯೂ ಇಲ್ಲ.

ಅಡುಗೆ ಮನೆಯ ಹಸಿ ಕಸವನ್ನು ಗೊಬ್ಬರ ಮಾಡಲು ಹೊರಟ ಅನೇಕರು ವಾಸನೆ ಬಂದು, ಹುಳ ಬಿದ್ದು ಬೇಸತ್ತು ಬಿಡುತ್ತಾರೆ. ತರಕಾರಿ ಸಿಪ್ಪೆ, ಕಾಫಿ ಚರಟದಲ್ಲಿ ಸಾರಜನಕ ಮತ್ತು ನೀರಿನ ಅಂಶ ಹೆಚ್ಚು. ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ ಮೂವತ್ತು ಪಾಲಿನಷ್ಟು ಇಂಗಾಲ ಬೇಕು. ಆದ್ದರಿಂದ ಒಂದು ಬುಟ್ಟಿ ಹಸಿ ಕಸ ಹಾಕಿದಾಗಲೆಲ್ಲ ಎರಡು ಬುಟ್ಟಿ ಪುಡಿ ಮಾಡಿದ ಒಣ ಎಲೆಯನ್ನು ಮೇಲೆ ಮುಚ್ಚಿ, ವಾರಕ್ಕೊಮ್ಮೆ ತಿರುವಿ ಹಾಕಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟೇ ತೇವ ಇರುವಂತೆ ನೋಡಿಕೊಂಡರೆ ವಾಸನೆ ಬರುವುದಿಲ್ಲ. ನಮ್ಮ ಬಿಸಿಲಿಗೆ ಮೂರು ತಿಂಗಳೊಳಗೆ ಮಣ್ಣಿನ ಪರಿಮಳದ ಕಪ್ಪು ಗೊಬ್ಬರ ಸಿಗುತ್ತದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಬಿದ್ದ ಎಲೆಯನ್ನು ಚೀಲಗಳಲ್ಲಿ ತುಂಬಿಟ್ಟುಕೊಂಡರೆ ವರ್ಷವಿಡೀ ಈ ಕೆಲಸಕ್ಕೆ ಸಾಕಾಗುತ್ತದೆ. ಸಗಣಿ, ಗಂಜಲ ಸಿಗುವವರು ಜೀವಾಮೃತವನ್ನೂ ಮಾಡಬಹುದು. ಇಪ್ಪತ್ತು ಲೀಟರ್ ನೀರಿಗೆ ಒಂದು ಕಿಲೋ ಸಗಣಿ, ಒಂದು ಲೀಟರ್ ಗಂಜಲ, ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು ತಲಾ 200 ಗ್ರಾಂ, ಒಂದು ಹಿಡಿ ಒಳ್ಳೆಯ ಮಣ್ಣು ಬೆರೆಸಿ, ನೆರಳಿನಲ್ಲಿ ಎರಡು ದಿನ ಇಟ್ಟು ದಿನವೂ ಕದಡಬೇಕು. ಬಳಿಕ ಹತ್ತು ಪಟ್ಟು ನೀರು ಸೇರಿಸಿ ಬುಡಕ್ಕೆ ಹಾಕಬೇಕು.

ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ಹುಟ್ಟಿಸಿರುವುದು ವಿಷದ ಬಳಕೆ. ಖಾಲಿ ನಿವೇಶನಗಳಲ್ಲಿ, ಕಾಂಪೌಂಡ್ ಪಕ್ಕದಲ್ಲಿ, ಟೈಲ್ಸ್ ಸಂದಿಯಲ್ಲಿ ಬೆಳೆದ ಹುಲ್ಲಿಗೆ ಕಳೆನಾಶಕ ಹೊಡೆಸುವುದು ಈಗ ಸಾಮಾನ್ಯವಾಗಿದೆ. ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ಪರವಾನಗಿ ಪಡೆದ ಕೀಟ ನಿಯಂತ್ರಕರ ಹೊರತು ಬೇರೆ ಯಾರೂ ಬಳಸಬಾರದೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ನಿರ್ಬಂಧ ವಿಧಿಸಿದೆ. ಪ್ಯಾರಾಕ್ವಾಟ್ ಎಂಬ ಇನ್ನೊಂದರ ವಿಷಕ್ಕೆ ಪ್ರತ್ಯೌಷಧವೇ ಇಲ್ಲ. ಇಂಥವನ್ನು ಮುಖಕ್ಕೆ ಬಟ್ಟೆಯೂ ಕಟ್ಟದ ಕೂಲಿಯವರ ಕೈಗೆ ಕೊಟ್ಟು, ಮಕ್ಕಳು ಆಡುವ, ಬೀದಿ ದನಗಳು ಮೇಯುವ ಜಾಗದಲ್ಲಿ ಸಿಂಪಡಿಸುವುದು ದೊಡ್ಡ ಅಪರಾಧವೆಂದೇ ನಾನು ಭಾವಿಸುತ್ತೇನೆ. ಖಾಲಿ ಜಾಗದ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುನ್ನ, ಮಳೆ ಬಂದು ನೆಲ ಮೆತ್ತಗಿರುವಾಗ ಕೈಗವಸು ಹಾಕಿಕೊಂಡು ಬೇರುಸಹಿತ ಕಿತ್ತರೆ ಅದನ್ನೂ ಗೊಬ್ಬರದ ಗುಂಡಿಗೆ ಹಾಕಬಹುದು. ಒಂದು ಗಿಡ ಸಾವಿರಾರು ಬೀಜ ಉದುರಿಸುವುದರಿಂದ ಹೂ ಬಿಟ್ಟ ಮೇಲೆ ಮಾಡುವ ಯಾವ ಕೆಲಸವೂ ಅರ್ಧ ಕೆಲಸವೇ. ಇನ್ನು ನಾವು ಕಳೆಯೆಂದು ಕರೆಯುವುದರಲ್ಲಿ ಗೋಣಿ ಸೊಪ್ಪು, ಅಣ್ಣೆ ಸೊಪ್ಪು, ಹೊನಗೊನೆ ಸೊಪ್ಪುಗಳೂ ಇರುತ್ತವೆ. ಬೆರಕೆ ಸೊಪ್ಪಿನ ಸಾರು ಮಾಡುತ್ತಿದ್ದ ತಾಯಂದಿರಿಗೆ ಇವು ಔಷಧಿ ಹೊಡೆಯುವ ವಸ್ತುಗಳಾಗಿ ಕಂಡಿರಲಿಲ್ಲ.

ದಾಸವಾಳಕ್ಕೆ ಬಿಳಿ ಹಿಟ್ಟು ತಿಗಣೆ ಬಂದಾಗ, ಗುಲಾಬಿಯ ಚಿಗುರಿಗೆ ಹೇನು ಮುತ್ತಿದಾಗ ಹತ್ತಿ ಹೊಲದ ಕೀಟನಾಶಕವನ್ನು ತಂದು ಹೊಡೆಯಬೇಕಿಲ್ಲ. ಮೊದಲು ರಭಸದ ನೀರಿನಿಂದ ತೊಳೆದು, ಹೆಚ್ಚು ಹಿಡಿದ ಕೊಂಬೆಯನ್ನು ಕತ್ತರಿಸಿ, ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನ ಎಣ್ಣೆ ಮತ್ತು ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಹೊತ್ತು ಎಲೆಯ ಅಡಿಭಾಗಕ್ಕೂ ತಾಗುವಂತೆ ಸಿಂಪಡಿಸಿ, ವಾರ ಬಿಟ್ಟು ಇನ್ನೊಮ್ಮೆ ಮಾಡಿದರೆ ಹತೋಟಿಗೆ ಬರುತ್ತದೆ. ಸಂಜೆಯೇ ಏಕೆಂದರೆ ಆ ಹೊತ್ತಿಗೆ ಜೇನ್ನೊಣಗಳು ಗೂಡು ಸೇರಿರುತ್ತವೆ, ಎಣ್ಣೆ ಹಚ್ಚಿದ ಎಲೆ ಬಿಸಿಲಿಗೆ ಸುಡುವುದೂ ಇಲ್ಲ. ಗಿಡದ ಮೇಲೆ ಗುಲಗಂಜಿ ಹುಳು ಕಂಡರೆ ಏನನ್ನೂ ಸಿಂಪಡಿಸದೆ ಬಿಡುವುದೇ ಮೇಲು. ಅದೂ ಅದರ ಮರಿಗಳೂ ಆ ಹೇನುಗಳನ್ನೇ ತಿಂದು ಬೆಳೆಯುತ್ತವೆ.

ಮನೆಯಲ್ಲಿ ಒಮ್ಮೆ ಬಳಸಿದ ನೀರನ್ನು ಗಿಡಕ್ಕೆ ಹರಿಸುವುದು ನಮ್ಮ ಹಿತ್ತಲುಗಳಲ್ಲಿ ಹೊಸದೇನಲ್ಲ. ಬಚ್ಚಲ ನೀರಿನಲ್ಲೇ ಬಾಳೆ, ತೆಂಗು, ಕೆಸ ಬೆಳೆಯುತ್ತಿದ್ದವು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಯಾವ ಗಿಡಕ್ಕಾದರೂ ಹಾಕಬಹುದು. ವಾಷಿಂಗ್ ಮಷೀನಿನ ಪುಡಿಯ ನೀರು ಮಾತ್ರ ಉಪ್ಪಿನಂಶ ಹೆಚ್ಚಿಸಿ ಮಣ್ಣನ್ನು ಗಟ್ಟಿ ಮಾಡುವುದರಿಂದ ಅದನ್ನು ತೋಟಕ್ಕೆ ಬಿಡಬಾರದು. ಫ್ಲೋರೈಡಿನ ಭಯದಿಂದ ಮನೆಮನೆಗೂ ಬಂದಿರುವ, ನೀರು ಶುದ್ಧೀಕರಿಸುವ ಆರ್‌ಒ ಯಂತ್ರಗಳು ಹೊರಹಾಕುವ ನೀರಿಗೂ ಇದೇ ಮಾತು ಅನ್ವಯಿಸುತ್ತದೆ. ಶುದ್ಧ ನೀರಿನಿಂದ ಬೇರ್ಪಟ್ಟ ಲವಣವೆಲ್ಲ ಅದರಲ್ಲಿ ಸೇರಿರುವುದರಿಂದ ಅದನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸುವುದು ಲೇಸು. ಬೇಸಿಗೆಯಲ್ಲಿ ಎಳೆಯ ಗಿಡಗಳಿಗೆ ಮಡಕೆ ನೀರಾವರಿಯಂಥ ಉಪಾಯ ಬೇರೊಂದಿಲ್ಲ. ಬಣ್ಣ ಬಳಿಯದ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಗಿಡದ ಪಕ್ಕ ಹೂತು, ನೀರು ತುಂಬಿ ಮುಚ್ಚಿಟ್ಟರೆ ಬೇರಿಗೆ ಬೇಕಾದಷ್ಟೇ ನೀರು ಮೆಲ್ಲಗೆ ಒಸರುತ್ತದೆ, ಮೇಲ್ಮಣ್ಣು ಒಣಗಿರುವುದರಿಂದ ಕಳೆಯೂ ಕಡಿಮೆ. ಮಡಕೆ, ತೊಟ್ಟಿ, ಕುಂಡದ ತಟ್ಟೆಗಳಲ್ಲಿ ನೀರು ತೆರೆದು ನಿಂತರೆ ಡೆಂಗಿ ಸೊಳ್ಳೆ ಮರಿ ಮಾಡುವುದರಿಂದ ಮುಚ್ಚುವುದನ್ನು ಮಾತ್ರ ಮರೆಯಬಾರದು.

ಚಾವಣಿಯ ನೀರಿನ ಕಡೆಗೂ ಗಮನ ಹೋಗಬೇಕು. ಸಾವಿರ ಚದರ ಅಡಿಯ ತಾರಸಿಯ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 55 ಸಾವಿರ ಲೀಟರ್ ಆಗುತ್ತದೆ. ಆವಿಯಾಗಿ, ಸೋರಿ ಹೋದದ್ದನ್ನು ಕಳೆದರೂ 40 ಸಾವಿರ ಲೀಟರಿಗೆ ಮೋಸವಿಲ್ಲ. ನೆಲದಡಿಯ ಸಂಪ್ ತೊಟ್ಟಿಗೆ ಹರಿಸಿದಷ್ಟು ಹರಿಸಿ, ಮಿಕ್ಕಿದ್ದನ್ನು ಜಲ್ಲಿ ತುಂಬಿದ ಇಂಗುಗುಂಡಿಗೆ ಬಿಡಬಹುದು. ಒಂದು ಹೊಂಡ ತುಂಬಿ ಹೆಚ್ಚಾದ ನೀರು ಕೆಳಗಿನ ಹೊಂಡ ಸೇರುವಂತೆ ಕೋಟೆಯ ಮೇಲೆ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡಗಳನ್ನೂ, ಊರೊಳಗೆ ಸಿಹಿನೀರು ಹೊಂಡ, ಸಂತೆ ಹೊಂಡಗಳನ್ನೂ ಕಟ್ಟಿ ಬಂಡೆಯ ಮೇಲೆ ಬಿದ್ದ ಮಳೆಯನ್ನೇ ಕೂಡಿಟ್ಟು ಬದುಕಿದ ಊರು ನಮ್ಮದು.

ಕೊನೆಯದಾಗಿ ನಗರಸಭೆಯಲ್ಲಿ ನನ್ನ ಕೋರಿಕೆ. ಬಡಾವಣೆಗಳ ಉದ್ಯಾನಗಳಿಗೆ ಹಣ ಬಿಡುಗಡೆಯಾದಾಗಲೆಲ್ಲ ಗುತ್ತಿಗೆದಾರರು ಮೊದಲು ಮಾಡುವುದು ಹುಲ್ಲುಹಾಸು ಹಾಸಿ ಸುತ್ತ ತಂತಿ ಹಾಕುವುದು. ಎರಡನೇ ಬೇಸಿಗೆಗೆ ನೀರಿಲ್ಲದೆ ಅದು ಸುಟ್ಟುಹೋಗುತ್ತದೆ, ಮರುವರ್ಷ ಮತ್ತೆ ಟೆಂಡರ್. ಇದನ್ನು ಬಿಟ್ಟು, ಉದ್ಯಾನದ ಅಂದಾಜು ಪಟ್ಟಿಯಲ್ಲಿ ಹುಲ್ಲುಹಾಸಿನ ಪ್ರಮಾಣಕ್ಕೆ ಮಿತಿ ಹಾಕಿ, ಹೊಂಗೆ, ಬೇವು, ಹುಣಸೆ, ನೇರಳೆಯಂಥ ನೆರಳಿನ ಮರಗಳನ್ನು ಕಡ್ಡಾಯ ಮಾಡಬೇಕು. ಪ್ರತಿ ಉದ್ಯಾನದ ಮೂಲೆಯಲ್ಲಿ ಎಲೆ ಗೊಬ್ಬರದ ಗುಂಡಿಯೊಂದಿರಬೇಕು. ಸುತ್ತಲಿನ ಬೀದಿಗಳ ಪೌರಕಾರ್ಮಿಕರು ಗುಡಿಸಿದ ಎಲೆ ಅಲ್ಲಿಗೆ ಹೋಗಬೇಕು, ಅದಕ್ಕೆ ಬೇಕಾದ ಗಾಡಿ, ಕೈಗವಸುಗಳನ್ನು ಅವರಿಗೆ ಒದಗಿಸಬೇಕು. ಎಲೆ ಸುಡುವವರಿಗೆ, ಜನವಸತಿಯಲ್ಲಿ ಕಳೆನಾಶಕ ಹೊಡೆಸುವವರಿಗೆ ಮೊದಲು ತಿಳಿವಳಿಕೆ, ಬಳಿಕ ದಂಡ ಎಂಬ ಕ್ರಮ ಜಾರಿಗೆ ಬರಲಿ. ಮರಗಳ ಬುಡದವರೆಗೂ ಇಂಟರ್‌ಲಾಕ್ ಇಟ್ಟಿಗೆ ಜೋಡಿಸಿ ಅವುಗಳ ಉಸಿರು ಕಟ್ಟಿಸಿರುವ ಕಡೆಗಳಲ್ಲಿ ಬುಡದ ಸುತ್ತಲೂ ಕನಿಷ್ಠ ಮೂರು ಅಡಿ ಮಣ್ಣನ್ನು ತೆರೆದಿಡಲಿ.

ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರವೇ ಇದೆ. ಒಣ ಸೀಮೆಯ ಬೆಳೆಗಳನ್ನು ಬಲ್ಲ ಅಲ್ಲಿನ ತಜ್ಞರನ್ನೂ ತೋಟಗಾರಿಕೆ ಇಲಾಖೆಯನ್ನೂ ಕರೆದು, ಈ ನಗರದ ಮನೆಗಳಿಗೆ ಹೊಂದುವ ಗಿಡಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ ಮನೆ ಕಟ್ಟಲು ಪರವಾನಗಿ ಕೊಡುವಾಗಲೇ ಅದರ ಪ್ರತಿಯನ್ನು ಕೊಡುವುದು ಕಷ್ಟದ ಕೆಲಸವಲ್ಲ. ನಮ್ಮಲ್ಲಿ ಹೆಚ್ಚು ಮಳೆಯಾಗುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜೂನ್ 5ರ ಪರಿಸರ ದಿನದಂದು ಸಸಿ ಹಂಚಿ ಫೋಟೊ ತೆಗೆಸಿಕೊಂಡ ಮೇಲೆ ಮಳೆ ಕೈಕೊಟ್ಟು ಎಷ್ಟೋ ಸಸಿಗಳು ಒಣಗುತ್ತವೆ. ಗುಂಡಿ ತೋಡಿ ಗೊಬ್ಬರ ತುಂಬುವ ಕೆಲಸ ಜೂನ್‌ನಲ್ಲಿ ನಡೆದು, ಸಸಿ ಹಂಚಿಕೆ ಮಳೆ ಹಿಡಿದ ಮೇಲೆ ಆಗಲಿ. ಈ ಸಾಲಿನ ಆಯವ್ಯಯದಲ್ಲೇ ಇದಕ್ಕೆಲ್ಲ ಅವಕಾಶ ಮಾಡಬೇಕೆಂದು ನಗರಸಭೆಯ ಆಡಳಿತವನ್ನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ತಮ್ಮ ಪತ್ರಿಕೆಯ ಓದುಗರೊಬ್ಬರು,
ಚಿತ್ರದುರ್ಗ